ಚಾವಿ ಭರಮಪ್ಪ ಮತ್ತು ಹನ್ನೊಂದು ಯೂನಿಟ್ಟಿನ ಕಳ್ಳ

ಖಾನಾಪುರದ ಒಂದೇ ಓಣಿಯಲ್ಲಿ ನಾಲ್ವರು ಭರಮಪ್ಪಂದಿರಿದ್ದಾರೆ. ಎಮ್ಮೆ ಕಟ್ಟಿದವನು ಎಮ್ಮಿ ಭರಮಪ್ಪ. ಹಂಚಿನ ಭಟ್ಟಿಗೆ ಹೋಗುವವನು ಹಂಚಿನ ಭರಮಪ್ಪ. ಮೂರನೆಯವನಿಗೆ ಹೇಳಿಕೊಳ್ಳುವಂಥ ಕಸುಬಿಲ್ಲದ್ದರಿಂದ ಜನ ಅವನ ಎತ್ತರವನ್ನೇ ಹಿಡಿದು ಗಿಡ್ಡ ಭರಮಪ್ಪ ಎಂದು ಕರೆದು ಕೈ ತೊಳೆದುಕೊಂಡಿದ್ದಾರೆ. ನಾಲ್ಕನೆಯವನೇ ಚಾವಿ ಭರಮಪ್ಪ. ಬೆಳಗಾವಿಯ ವಡಗಾವಿಯಲ್ಲಿರುವ ನೇಕಾರರ ನೂಲು ಸಂಘದ ಕಚೇರಿಯ ಚಾವಿ ಇಪ್ಪತ್ತಾರು ವರ್ಷದಿಂದ ಇವನ ಉಡದಾರಕ್ಕೆ ಜೋತುಬಿದ್ದಿದೆ.

ಹುದ್ದೆ ಸಿಪಾಯಿಯದು, ಗತ್ತು ಕೋಟೆ ಕಾಯುವ ಕಿಲ್ಲೇದಾರನದು. ಬೆಳಗಾವಿಯ ಕಿಲ್ಲೆಗೆ ಎಷ್ಟೋ ರಾಜರು ಬಂದರು, ಹೋದರು. ಸಂಜೆ ಬಾಗಿಲು ಸರಿಯಾಗಿ ಹಾಕಿಕೊಳ್ಳದ್ದರಿಂದಲೇ ಅವರೆಲ್ಲ ಹೋದರು ಎಂಬುದು ಭರಮಪ್ಪನ ಇತಿಹಾಸ ಜ್ಞಾನ. ಅವನ ಕಿಲ್ಲೆಯಾದರೋ ಒಂದು ದಿನವೂ ಬಿದ್ದಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಒಂದು ಮಹಡಿಯ ಕಟ್ಟಡ. ಕೆಳಗೆ ಜಿನಪ್ಪ ಸಾವ್ಕಾರರ ಪವರ್‌ಲೂಮುಗಳ ಖಟಖಟ, ಅದರ ಹಿಂದೆ ಸಂಘದ ನೂಲಿನ ಗೋದಾಮು, ಮೇಲೆ ಮೂರು ಕೋಣೆಯ ಕಚೇರಿ. ಅಲ್ಲಿ ಐದು ಕಂಪ್ಯೂಟರು, ಎರಡು ಪ್ರಿಂಟರು, ಬಿಸಿನೀರು ತಣ್ಣೀರು ಎರಡನ್ನೂ ಕೊಡುವ ಒಂದು ಡಬ್ಬಿ, ಮತ್ತು ಮೂಲೆಯಲ್ಲಿ ಎಮ್ಮೆಯ ಹಾಗೆ ನಿಂತಿರುವ ಹಳೆಯ ಜೆರಾಕ್ಸ್ ಮಶೀನು.

ಭರಮಪ್ಪನ ಅಪ್ಪ ಮೈಲಾರಲಿಂಗ ಕುರಿ ಕಾಯುತ್ತಿದ್ದವನು. ಸಂಜೆ ಹಟ್ಟಿಗೆ ಕುರಿ ತುಂಬುವಾಗ ಒಂದೊಂದರ ಬೆನ್ನ ಮೇಲೂ ಅಂಗೈ ಇಟ್ಟು ಎಣಿಸುತ್ತಿದ್ದ. "ಕಣ್ಣಿನ್ಲೆ ಎಣಿಸಿದ್ರ ತಲಿ ಅಷ್ಟ ಸಿಗತಾವ. ಕೈ ಇಟ್ಟು ಎಣಿಸಿದ್ರ ಯಾವುದಕ್ಕ ಜ್ವರ ಬಂದೈತಿ ಅನ್ನೂದೂ ಸಿಗತೈತಿ" ಎನ್ನುತ್ತಿದ್ದ. ಮಗ ಹತ್ತನೇ ಇಯತ್ತೆ ಓದಿದವನು; ಕುರಿಯ ಮೈಗೆ ಕೈ ಹಚ್ಚುವುದನ್ನು ಬಿಟ್ಟು ಕಣ್ಣನ್ನೇ ನಂಬಿಕೊಂಡ.

ಹಾಗಾಗಿ ಸಂಜೆ ಆರಕ್ಕೆ ಕಚೇರಿಯನ್ನು ಮಲಗಿಸುವ ಶಾಸ್ತ್ರವೂ ಕಣ್ಣಿನದೇ. ಮೊದಲು ಫ್ಯಾನು, ಆಮೇಲೆ ಟ್ಯೂಬ್‌ಲೈಟು. ಕತ್ತಲಾದ ಮೇಲೆ ಭರಮಪ್ಪ ನಟ್ಟನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಸುತ್ತಲೂ ನೋಡುತ್ತಾನೆ. ಯಾವ ಮಶೀನಿನ ಮೈಯಲ್ಲಾದರೂ ಹಸಿರೋ ಕೆಂಪೋ ಸಣ್ಣ ದೀಪ ಮಿನುಗುತ್ತಿದ್ದರೆ ಅದು ಎಚ್ಚರಿದೆ ಎಂದರ್ಥ. ಕೂಡಲೇ ಮೇಜಿನ ಕೆಳಗೆ ಅಂಬೆಗಾಲಿಟ್ಟು ಹೋಗಿ, ಗೋಡೆಯ ಬಟನ್ ಒತ್ತಿ ಅದರ ಕಣ್ಣು ಮುಚ್ಚಿಸುತ್ತಾನೆ. ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಗೋದಾಮಿನ ಬೆಂಕಿ ಅಲಾರಮ್ಮಿಗೂ ಅದೇ ಮೇನು. ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಐವತ್ತೇಳರ ವಯಸ್ಸಿನಲ್ಲಿ ದಿನವೂ ಏಳೆಂಟು ಸಲ ಅಂಬೆಗಾಲು. ಮೊಣಕಾಲು ಕಟಕಟ ಎಂದಾಗಲೆಲ್ಲ ಅವನು ಗುಮಾಸ್ತರ ವಂಶವನ್ನು ಏಳು ತಲೆಮಾರಿನತನಕ ನೆನೆಯುತ್ತಿದ್ದ.

ಈ ವರ್ಷದ ದಸರೆಯಲ್ಲಿ ಖಂಡೇ ಪೂಜೆಗೆ ಎಂದಿನಂತೆ ಭರಮಪ್ಪನದೇ ಪೌರೋಹಿತ್ಯ. ಕಚೇರಿಯ ಆಯುಧಗಳಿಗೆ ಅವನು ಕುಂಕುಮದ ಜೊತೆಗೆ ತನ್ನ ಮನೆದೇವರ ಭಂಡಾರವನ್ನೂ, ಅಂದರೆ ದೇವರ ಅರಿಸಿನ ಪುಡಿಯನ್ನೂ, ಹಚ್ಚುತ್ತಾನೆ. ಮಶೀನಿಗೆ ಹಣೆ ಯಾವುದು ಎಂಬ ಪ್ರಶ್ನೆಯನ್ನು ಅವನು ಎಂದೋ ಬಗೆಹರಿಸಿಕೊಂಡಿದ್ದ. ಎಲ್ಲಿ ದೀಪ ಮಿನುಗುತ್ತದೋ ಅಲ್ಲಿ ಜೀವ, ಎಲ್ಲಿ ಜೀವವೋ ಅದೇ ಹಣೆ. ಹಿಂದಿನ ವರ್ಷಗಳಲ್ಲಿ ಒಣ ಭಂಡಾರ ಎರಡೇ ದಿನಕ್ಕೆ ಉದುರಿ, ಮಶೀನುಗಳು ಬರಿಹಣೆಯಲ್ಲಿ ನಿಲ್ಲುತ್ತಿದ್ದವು. ಅದು ಅವನಿಗೆ ಸರಿಬರಲಿಲ್ಲ. ಈ ಸಲ ಭಂಡಾರಕ್ಕೆ ಔಡಲೆಣ್ಣೆ ಹಾಕಿ, ಕಚೇರಿಯ ಗೋಂದಿನ ಅರ್ಧ ಬಾಟಲಿ ಬೆರೆಸಿ ಕಲಸಿದ. ಬೊಟ್ಟು ಹೇಗೆ ಕೂತಿತೆಂದರೆ ಮುಂದಿನ ದಸರೆತನಕ ಅಲ್ಲಾಡುವ ಮಾತಿಲ್ಲ. ಚಳಿ ಹತ್ತಿದ ಮೇಲೆ ಜೆರಾಕ್ಸ್ ಮಶೀನಿಗೆ ಧೂಳು ಕೂಡಬಾರದೆಂದು ಅಪ್ಪನ ಹಳೇ ಕರಿಕಂಬಳಿಯನ್ನೂ ಹೊದಿಸಿದ.

ದಸರೆ ಮುಗಿಯಿತು, ಪವಾಡ ಶುರುವಾಯಿತು. ಸಂಜೆ ಕತ್ತಲಲ್ಲಿ ನಿಂತು ನೋಡಿದರೆ ಒಂದು ಕಣ್ಣೂ ತೆರೆದಿಲ್ಲ! ಎಲ್ಲ ಮಶೀನೂ ಗಪ್‌ಚುಪ್ ಮಲಗಿವೆ. ಇಪ್ಪತ್ತಾರು ವರ್ಷ ತಾನು ಬಾಯಿ ಬಡಿದುಕೊಂಡದ್ದು ಕಡೆಗೂ ಈ ಮಂದಿಯ ತಲೆಗೆ ಇಳಿಯಿತಲ್ಲ ಎಂದು ಭರಮಪ್ಪ ಉಬ್ಬಿದ. ಮೊಣಕಾಲಿಗೂ ದಸರೆಯ ರಜೆ ಸಿಕ್ಕಿತು.

ಡಿಸೆಂಬರ್ ಮೊದಲ ವಾರ ಹೊಸ ಮ್ಯಾನೇಜರ್ ಬಂದರು. ತ್ರಿಶಲಾ ಬಾಯಾರು. ವಯಸ್ಸು ಮೂವತ್ತೈದು, ಮಾತು ಅಳತೆಪಟ್ಟಿಯಲ್ಲಿ ಗೆರೆ ಎಳೆದ ಹಾಗೆ. ಬಂದ ಐದನೆಯ ದಿನ ಬೆಳಿಗ್ಗೆ ಭರಮಪ್ಪನನ್ನು ಕರೆದರು.

"ಭರಮಪ್ಪನವರ, ನಿನ್ನೆ ಸಂಜೀಗೆ ನೀವು ಕೀಲಿ ಹಾಕಿದಾಗ ಮೀಟರ್ ಎಷ್ಟಿತ್ತು?"

"ಮೀಟರ್ ನೋಡೂದು ನನ್ನ ಕೆಲಸ ಅಲ್ರೀ ಬಾಯಾರ. ಕೀಲಿ ನೋಡೂದು."

"ಅದಕ್ಕ ನಾನಽ ನೋಡೀನಿ. ಈಗ ಮುಂಜಾನೆ ಬಂದು ಮತ್ತ ನೋಡೀನಿ. ನಡುವ ಹನ್ನೊಂದು ಯೂನಿಟ್ ಹೋಗ್ಯಾವ."

"ಎಲ್ಲಿ ಹೋಗ್ಯಾವ್ರೀ?"

"ನೀವಽ ಹೇಳಬೇಕು. ಚಾವಿ ನಿಮ್ಮ ಹತ್ರ ಐತಿ."

ಭರಮಪ್ಪನ ಕೈ ತಾನಾಗಿಯೇ ಉಡದಾರಕ್ಕೆ ಹೋಯಿತು. ಚಾವಿ ಇತ್ತು. ಬಾಯಾರು ಮುಂದುವರಿಸಿದರು. ದಸರೆಯಿಂದ ಈಚೆಗೆ ಕರೆಂಟು ಏರಿದೆ. ಚಳಿಗಾಲ, ಫ್ಯಾನೂ ಇಲ್ಲ. ಜನ ಇಲ್ಲದ ಹೊತ್ತಿನಲ್ಲೇ ಸೋರುತ್ತಿದೆ. "ಹೆಡ್ ಆಫೀಸಿನವರು ಒಂದು ಏಜೆನ್ಸಿ ಗೊತ್ತು ಮಾಡ್ಯಾರ. ಸಂಜೀಗೆ ಅವರಽ ಬಂದು ಎಲ್ಲಾ ಬಂದ್ ಮಾಡಿ ಕೀಲಿ ಹಾಕ್ಕೊಂಡು ಹೋಗ್ತಾರ. ಈ ತಿಂಗಳ ಕಡೀತನಕ ನೋಡ್ತೀನಿ. ಕಾರಣ ಸಿಗಲಿಲ್ಲಂದ್ರ ಚಾವಿ ಅವರಿಗೆ ಕೊಟ್ಟುಬಿಡೂಣು. ನಿಮಗೂ ಆರಾಮ."

ಆರಾಮ! ಆ ಮಾತು ಭರಮಪ್ಪನ ಎದೆಗೆ ಈಟಿಯ ಹಾಗೆ ನಾಟಿತು. ನೌಕರಿ ಹೋಗುವುದಿಲ್ಲ, ಸರಿ. ಇನ್ನು ಮೂರು ವರ್ಷ ಚಹಾ ತರಬಹುದು, ಕಾಗದ ಒಯ್ಯಬಹುದು. ಆದರೆ ಖಾನಾಪುರದ ಓಣಿಯಲ್ಲಿ ಅವನು ಯಾವ ಭರಮಪ್ಪನಾಗಬೇಕು? ಎಮ್ಮೆಯಿಲ್ಲ, ಹಂಚಿನ ಭಟ್ಟಿಯಿಲ್ಲ; ಗಿಡ್ಡ ಎನ್ನುವುದೂ ಖಾಲಿ ಇಲ್ಲ. ಚಾವಿ ಹೋದರೆ ಹೆಸರಿನ ಮುಂದಿನ ಅರ್ಧ ಹೋಯಿತು. ಬರೀ ಭರಮಪ್ಪ ಎಂದು ಕರೆದರೆ ಓಣಿಯಲ್ಲಿ ನಾಲ್ಕು ಬಾಗಿಲು ತೆರೆಯುತ್ತವೆ, ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ.

ಕಿಲ್ಲೆಯೊಳಗೆ ಕಳ್ಳನಿದ್ದಾನೆ. ಹಿಡಿಯಲೇಬೇಕು. ಭರಮಪ್ಪ ಆ ದಿನದಿಂದ ಎಲ್ಲರನ್ನೂ ಓರೆಗಣ್ಣಿನಿಂದ ನೋಡತೊಡಗಿದ.

ಮೊದಲ ಗುಮಾನಿ ಕಾಂತಾಳ ಮೇಲೆ. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ನೇಕಾರರ ಅರ್ಜಿ ಟೈಪು ಮಾಡುವ ಹುಡುಗಿ.

"ಏನವಾ ಕಾಂತಾ, ಮನೀಗೆ ಹೋಗುಮುಂದ ಕಂಪ್ಯೂಟರ್ ಬಂದ್ ಮಾಡ್ತಿ ಹೌದಿಲ್ಲ?"

"ದಿನಾ ಮಾಡ್ತೀನ್ರೀ ಕಾಕಾ."

"ಹೆಂಗ ಮಾಡ್ತಿ, ಮಾಡಿ ತೋರ್ಸು."

ಕಾಂತಾ ಪರದೆಯ ಕೆಳಗಿನ ಗುಂಡಿ ಒತ್ತಿದಳು. ಚಿತ್ರ ಹೋಗಿ ಪರದೆ ಕಪ್ಪಾಯಿತು. "ನೋಡ್ರಿ, ಕರ್ರಗಾತು. ಕರ್ರಗಾದಿಂದ ಇನ್ನೇನ್ ಉಳದೈತ್ರೀ ಬಂದ್ ಮಾಡೂದು?"

ಭರಮಪ್ಪ ತಲೆದೂಗಿದ. ಅವನ ಶಾಸ್ತ್ರವೂ ಅದೇ. ಕರ್ರಗಾದದ್ದು ಮಲಗಿದೆ. ಕಾಂತಾ ನಿರ್ದೋಷಿ ಎಂದು ತೀರ್ಪಾಯಿತು.

ಎರಡನೆಯ ಗುಮಾನಿ ಹಿರಿಯ ಗುಮಾಸ್ತ ಈರಣ್ಣನ ಮೇಲೆ. ಅವನಿಗೊಂದು ಬ್ಯಾಟರಿ ಸ್ಕೂಟರಿದೆ. ದಿನವೂ ಬ್ಯಾಟರಿಯನ್ನು ಬಿಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಮೇಲೆ ತಂದು, ಮೇಜಿನ ಪಕ್ಕ ಚಾರ್ಜಿಗೆ ಹಾಕುತ್ತಾನೆ.

"ಭರಮಣ್ಣಾ, ಸ್ವಲ್ಪ ತಲಿ ಓಡಿಸೋ ಮಾರಾಯಾ," ಎಂದ ಈರಣ್ಣ. "ಸಂಜೀಗೆ ಬ್ಯಾಟರಿ ನನ್ನ ಸಂಗತೀನಽ ಮನೀಗೆ ಬರತೈತಿ. ಇಲ್ಲೇ ಬಿಟ್ಟು ಹೋದ್ರ ನಾ ಗಾಡೀನ ಏನ್ ಹುಲ್ಲು ತಿನಿಸಿ ಓಡಸ್ತೀನೇನು?"

ಮಾತು ನ್ಯಾಯದ್ದೇ. ಆದರೆ ಸಂಶಯಕ್ಕೆ ನ್ಯಾಯದ ಹಂಗಿಲ್ಲ. ಭರಮಪ್ಪ ಹೋಗಿ ಬಾಯಾರ ಕಿವಿಗೆ ಹಾಕಿಯೇಬಿಟ್ಟ. ಚಾರ್ಜಿಂಗ್ ಬಂದಾಯಿತು. ಮರುದಿನ ಈರಣ್ಣ ಮೂರನೇ ರೈಲ್ವೇ ಗೇಟಿನ ಹತ್ತಿರದಿಂದ ಸ್ಕೂಟರನ್ನು ದೂಕಿಕೊಂಡು, ಕೊರೆಯುವ ಚಳಿಯಲ್ಲೂ ಬೆವೆತು, ಕಚೇರಿಗೆ ಬಂದ. ಅಂದು ಬೆಳಿಗ್ಗೆ ಮೀಟರ್ ಏನು ಹೇಳಿತು? ಹನ್ನೊಂದು.

ಉಳಿದವರು ಒಬ್ಬರೇ. ಕೆಳಗಿನ ಜಿನಪ್ಪ ಸಾವ್ಕಾರರು. ಅವರ ಮಗ್ಗಗಳ ವೈರು, ಕಚೇರಿಯ ವೈರು, ಎರಡೂ ಒಂದೇ ಗೋಡೆಯ ಮೇಲೆ ಅಣ್ಣತಮ್ಮಂದಿರ ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತವೆ. ನಡುವೆ ಎಲ್ಲೋ ಒಂದು ಕೊಂಡಿ ಹಾಕಿದರೆ ಯಾರಿಗೆ ಗೊತ್ತು? ಇಪ್ಪತ್ತಾರು ವರ್ಷದಿಂದ ದಿನವೂ ಹನ್ನೊಂದು ಗಂಟೆಗೆ ಜಿನಪ್ಪನವರ ಲೆಕ್ಕದಲ್ಲಿ ಭರಮಪ್ಪನಿಗೆ ಒಂದು ಗ್ಲಾಸು ಚಹಾ ಮೇಲೆ ಬರುತ್ತದೆ. ಈಗ ಆ ಚಹಾದ ಮೇಲೂ ಗುಮಾನಿ ಹತ್ತಿತು. ಯಾಕೆ ಕೊಡುತ್ತಾರೆ ಇವರು? ಹನ್ನೊಂದು ಗಂಟೆ, ಹನ್ನೊಂದು ಯೂನಿಟ್ಟು!

ಭರಮಪ್ಪ ಕೆಳಗಿಳಿದು, ಮಗ್ಗ ನಡೆಸುವ ನಾಲ್ಕು ಮಂದಿಯ ಎದುರಿಗೆ ಗೋಡೆಯ ವೈರನ್ನು ಬೆರಳಿನಿಂದ ತಡವುತ್ತ ಹೊರಟ. ಜಿನಪ್ಪನವರು ಚಷ್ಮಾ ಮೇಲೇರಿಸಿ ನೋಡಿದರು.

"ಏನ್ ಹುಡಕ್ತೀಯೋ ಭರಮಪ್ಪಾ, ಹಲ್ಲಿ?"

"ಹಲ್ಲಿ ಅಲ್ರೀ ಸಾವ್ಕಾರ್ರ. ರಾತ್ರಿ ನಮ್ಮ ಕರೆಂಟ್ ಯಾರೋ ಕುಡ್ಯಾಕ ಹತ್ಯಾರ. ಅವರ ಕೊಳವಿ ಎಲ್ಲೈತಿ ಅಂತ ನೋಡಾಕ ಬಂದೀನಿ."

ಮಗ್ಗಗಳು ಒಂದೊಂದಾಗಿ ನಿಂತವು. ಕೆಲಸದವರಿಗೆ ಇದಕ್ಕಿಂತ ಒಳ್ಳೆಯ ಬಿಡುವು ಯಾವಾಗ ಸಿಕ್ಕೀತು?

"ಎಷ್ಟು ಕುಡದಾರ?" ಎಂದರು ಜಿನಪ್ಪನವರು ಮೆಲ್ಲಗೆ.

"ಹನ್ನೊಂದು ಯೂನಿಟ್."

"ಹನ್ನೊಂದು ಯೂನಿಟ್ಟಿನ್ಯಾಗ ನನ್ನ ಈ ಎಂಟು ಮಗ್ಗ ರಾತ್ರೆಲ್ಲಾ ಓಡ್ತಾವಂದ್ರ, ನಾ ನಿನ್ನ ಪಾದಾ ತೊಳದು ನೀರು ಕುಡೀತೀನಿ. ಮೂರ್ಖಾ! ಹೊತ್ತು ಮುಳುಗೂದ್ರಾಗ ಉಂಡು ಕೈ ತೊಳಕೊಳ್ಳೋ ಮಂದಿ ನಾವು. ಇರುವಿ ಸಾಯಬಾರದಂತ ರಾತ್ರಿ ತುತ್ತು ಎತ್ತೂದಿಲ್ಲ. ನಾ ಕತ್ತಲಾಗ ಕುಂತು ನಿನ್ನ ಕರೆಂಟ್ ಕುಡೀತೀನೇನು?"

"ನಾ ಯಾರ ಹೆಸರೂ ಹೇಳಿಲ್ರೀ."

"ಹೇಳೂದೇನ್ ಉಳಿಸಿಯೋ?" ಎಂದು ಜಿನಪ್ಪನವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು. "ನಾಳಿಂದ ಇವಗ ಚಾ ಕಳಸಬ್ಯಾಡ್ರಪಾ. ಅದರಾಗೂ ಕರೆಂಟ್ ಇದ್ದೀತು."

ಹಾಗೆ ಚಹಾ ನಿಂತಿತು. ಭರಮಪ್ಪನ ಸ್ಟೀಲ್ ಗ್ಲಾಸು ಕಚೇರಿಯ ಕಿಟಕಿಯ ಮೇಲೆ ಬೋರಲಾಗಿ ಮಲಗಿತು. ಮೀಟರ್ ಮಾತ್ರ ಯಾರ ಸಿಟ್ಟಿಗೂ ಸೊಪ್ಪು ಹಾಕದೆ ದಿನಕ್ಕೆ ಹನ್ನೊಂದರಂತೆ ಉರುಳುತ್ತಿತ್ತು.

ತಿಂಗಳು ಮುಗಿಯಲು ಹತ್ತು ದಿನ ಉಳಿದಾಗ ಭರಮಪ್ಪ ಕಡೆಯ ವ್ಯೂಹ ರಚಿಸಿದ. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ, ಮೂರೂ ಕೋಣೆಯ ನೆಲಕ್ಕೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಬೀಗ ಜಡಿದು ಬಂದ. ಯಾರೇ ಒಳಗೆ ಬಂದರೂ ಹೆಜ್ಜೆ ಬಿಟ್ಟೇ ಹೋಗಬೇಕು.

ಐತವಾರ ಬೆಳಿಗ್ಗೆ ಅಂಗಿ ತೊಟ್ಟು ಛತ್ರಿ ತೆಗೆದುಕೊಂಡವನನ್ನು ಹೆಂಡತಿ ಪದ್ಮವ್ವ ಬಾಗಿಲಲ್ಲೇ ತಡೆದಳು.

"ಐತವಾರ ಯಾವ ಆಫೀಸು?"

"ಕಳ್ಳನ್ನ ಹಿಡ್ಯಾಕ ಹೊಂಟೀನಿ."

"ಕಳ್ಳನ್ನೋ, ಕಳ್ಳೀನೋ?" ಎಂದು ಪದ್ಮವ್ವ ಬಾಗಿ ಅಂಗಿ ಮೂಸಿದಳು. ಬರೇ ಸೋಡಾಪುಡಿಯ ವಾಸನೆ. ಅಷ್ಟಕ್ಕೇ ಸಂಶಯ ಬಿಡುವವಳಲ್ಲ. "ಮಳಿ ಇಲ್ಲ, ಛತ್ರಿ ಯಾಕ?"

"ಹೊಡ್ಯಾಕ."

"ಮೂವತ್ತೊಂದು ವರ್ಷಾತು. ಮನ್ಯಾಗ ಒಂದ್ ಬಲ್ಬ್ ಬಂದ್ ಮಾಡಿದ್ದು ಕಾಣಲಿಲ್ಲ ನಾ. ಅಲ್ಲಿ ಸಂಘದ ಕರೆಂಟ್ ಉಳಸಾಕ ಛತ್ರಿ ತಗೊಂಡು ಹೊಂಟಾರ!" ಎನ್ನುತ್ತಲೇ ಎರಡು ರೊಟ್ಟಿ, ಝುಣಕ, ಕೆಂಪು ಚಟ್ನಿ ಕಟ್ಟಿ ಕೈಗಿಟ್ಟಳು. ಯುದ್ಧಕ್ಕೆ ಹೋಗುವವನು ಹಸಿದು ಹೋಗಬಾರದಲ್ಲ.

ಖಾನಾಪುರದಿಂದ ಬಸ್ಸು ಹಿಡಿದು ಬೆಳಗಾವಿಗೆ ಬಂದು, ವಡಗಾವಿಯ ಓಣಿ ಹೊಕ್ಕಾಗ ಹನ್ನೊಂದೂವರೆ. ಐತವಾರವಾದ್ದರಿಂದ ಮಗ್ಗಗಳೂ ಸುಮ್ಮನಿದ್ದವು. ಭರಮಪ್ಪ ಸದ್ದಾಗದ ಹಾಗೆ ಕೀಲಿ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಛತ್ರಿಯನ್ನು ಕತ್ತಿಯ ಹಾಗೆ ಮೇಲೆತ್ತಿ ಒಳಗೆ ಅಡಿಯಿಟ್ಟ.

ಹೆಜ್ಜೆಗಳಿದ್ದವು!

ಹಿಂದಿನ ಕೋಣೆಯ ಗವಾಕ್ಷಿಯ ಗಾಜು ಒಡೆದು ವರ್ಷವಾಗಿತ್ತು. ಅದರ ಕೆಳಗಿಂದ ಹೆಜ್ಜೆಗಳು ಹೊರಟಿದ್ದವು. ಅತ್ತ ಇತ್ತ ಹೊರಳದೆ, ಈ ಕಚೇರಿಯ ದಾರಿ ಬಲ್ಲವರ ಹಾಗೆ, ಈರಣ್ಣನ ಮೇಜನ್ನು ಬಳಸಿ, ನೇರ ಜೆರಾಕ್ಸ್ ಮಶೀನಿನ ಬುಡಕ್ಕೆ ಹೋಗಿ ಮುಗಿದಿದ್ದವು. ಹೋದ ಹೆಜ್ಜೆ ಮಾತ್ರ, ಬಂದ ಹೆಜ್ಜೆ ಇಲ್ಲ. ಅಂದರೆ ಕಳ್ಳ ಇನ್ನೂ ಒಳಗೇ ಇದ್ದಾನೆ. ಒಂದೇ ತೊಂದರೆಯೆಂದರೆ ಕಳ್ಳನಿಗೆ ನಾಲ್ಕು ಕಾಲು.

ಕಂಬಳಿಯ ಮೇಲೆ ಚಕ್ಕುಲಿಯ ಹಾಗೆ ಸುತ್ತಿಕೊಂಡು ಒಂದು ಕೆಂಚು ಬೆಕ್ಕು ಮಲಗಿತ್ತು. ಒಂದೇ ಕಣ್ಣು ತೆರೆದು ಭರಮಪ್ಪನನ್ನೂ ಛತ್ರಿಯನ್ನೂ ಸಂಶಯದಿಂದ ನೋಡಿತು. ಇವನಿಂದ ಏನೂ ಆಗುವಂತಿಲ್ಲ ಎಂದುಕೊಂಡು ಮತ್ತೆ ಮುಚ್ಚಿತು.

ಭರಮಪ್ಪ ಗುರುತು ಹಿಡಿದ. ಕೆಳಗಿನ ಜಿನಪ್ಪನವರ ಬೆಕ್ಕು! ಹಾಂ, ತಾನು ಬರದೆ ಬೆಕ್ಕನ್ನು ಕಳಿಸುತ್ತಾನೆ ಸಾವ್ಕಾರ! ಆದರೆ ಬೆಕ್ಕು ಕರೆಂಟನ್ನು ಹೇಗೆ ಒಯ್ಯುತ್ತದೆ ಎಂಬಲ್ಲಿ ಅವನ ತರ್ಕ ಕುಂಟಿತು. ಸಿಟ್ಟಿನಿಂದ ಬೆಕ್ಕನ್ನು ಎತ್ತಿ ಬಾಯಾರ ಮೆತ್ತನೆಯ ಕುರ್ಚಿಯಲ್ಲಿ ಹಾಕಿದ. ಬೆಕ್ಕು ಮೈ ಮುರಿದು, ಇಳಿದು, ಮತ್ತೆ ಕಂಬಳಿಗೆ ಬಂತು. ಎತ್ತಿ ಕಿಟಕಿಯ ಬಿಸಿಲಿನಲ್ಲಿ ಇಟ್ಟ. ಮತ್ತೆ ಬಂತು. ಮೆತ್ತನೆಯ ಗಾದಿ ಬೇಡ, ಡಿಸೆಂಬರಿನ ಎಳೆಬಿಸಿಲು ಬೇಡ, ಈ ಚುಚ್ಚುವ ಕಂಬಳಿಯೇ ಬೇಕು. ಯಾಕೆ?

ಆಗ ಅವನು ಮೂವತ್ತು ವರ್ಷದಿಂದ ಮಾಡದ ಕೆಲಸ ಮಾಡಿದ. ಕಂಬಳಿಯ ಮೇಲೆ ಅಂಗೈ ಇಟ್ಟ.

ಬೆಚ್ಚಗಿತ್ತು. ಬೆಕ್ಕಿನ ಕಾವು ಇದ್ದೀತು ಎಂದುಕೊಂಡು ಬೆಕ್ಕು ಮಲಗದ ಆ ಕಡೆ ಇಟ್ಟ. ಅಲ್ಲೂ ಬೆಚ್ಚಗಿತ್ತು. ಕಂಬಳಿಯ ಒಳಗೆ ಕೈ ತೂರಿಸಿದ. ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಹಾಗೆ ಕಾವು. ಜ್ವರ ಬಂದ ಕುರಿಯ ಬೆನ್ನು! ಅಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು ಗದರಿಸಿದ ಹಾಗಾಯಿತು.

ಕಂಬಳಿ ಎಳೆದು ಬಿಸುಟ. ಪರದೆ ಕಪ್ಪಗಿತ್ತು. ಅದರ ಪಕ್ಕದಲ್ಲಿ ಅವನೇ ಹಚ್ಚಿದ ಭಂಡಾರದ ಬೊಟ್ಟು, ಗೋಂದಿನ ಬಲದಿಂದ ಕಲ್ಲಾಗಿ ಕೂತಿತ್ತು. "ತಪ್ಪಾತು, ಹೊಟ್ಟ್ಯಾಗ ಹಾಕ್ಕೊಳೋ ತಂದೆ" ಎಂದು ದೇವರಿಗೆ ಕೈಮುಗಿದು, ಉಗುರಿನಿಂದ ಕೆರೆದ. ಹಳದಿ ಸಿಪ್ಪೆ ಎದ್ದಿತು. ಒಳಗಿಂದ ಹಸಿರು ಕಣ್ಣೊಂದು ಪಿಳಿಪಿಳಿ ಎಂದಿತು.

ಭರಮಪ್ಪ ನೆಲಕ್ಕೆ ಬಿದ್ದು ಕಾಂತಾಳ ಮೇಜಿನ ಕೆಳಗೆ ತೆವಳಿದ. ಅವಳ ಪರದೆ ಕರ್ರಗಿತ್ತು, ಸರಿ. ಕೆಳಗಿನ ಕಂಪ್ಯೂಟರ್ ಡಬ್ಬಿಯ ಹಣೆ ಕೆರೆದ, ಕಣ್ಣು! ಪ್ರಿಂಟರು ಕೆರೆದ, ಕಣ್ಣು! ನೀರಿನ ಡಬ್ಬಿಯದಂತೂ ಎರಡು, ಒಂದು ಕೆಂಪು, ಒಂದು ಹಸಿರು. ಈ ಎರಡೂವರೆ ತಿಂಗಳು ಗುಮಾಸ್ತರು ಶಿಸ್ತು ಕಲಿತಿರಲಿಲ್ಲ, ಮಶೀನುಗಳು ಮಲಗಿರಲಿಲ್ಲ. ಎಲ್ಲವೂ ಎಚ್ಚರಿದ್ದೇ ಕರೆಂಟು ತಿನ್ನುತ್ತಿದ್ದವು. ಅವುಗಳ ಕಣ್ಣಿಗೆ ಪಟ್ಟಿ ಕಟ್ಟಿದವನು, ಕಟ್ಟಿ ಕೈಮುಗಿದು ಮಂಗಳಾರತಿ ಎತ್ತಿದವನು, ಸಾಕ್ಷಾತ್ ಕಿಲ್ಲೇದಾರ.

ರಂಗೋಲಿಯ ನಡುವೆ ಕೂತು ಭರಮಪ್ಪ ರೊಟ್ಟಿ ಬಿಚ್ಚಿದ. ಕಷ್ಟದ ವಿಚಾರ ಮಾಡಲು ಹೊಟ್ಟೆ ತುಂಬಿರಬೇಕು. ವಿಚಾರವೂ ಬಹಳ ರುಚಿಯಾಗಿತ್ತು. ಎಲ್ಲ ಬೊಟ್ಟು ಒರೆಸಿಬಿಡುವುದು, ಇಂದಿನಿಂದಲೇ ಗೋಡೆಯ ಬಟನ್ ಒತ್ತುವುದು. ಮೀಟರ್ ದೊಪ್ಪೆಂದು ಇಳಿಯುತ್ತದೆ. ಬಾಯಾರು ಕೇಳಿದರೆ, "ನಾ ಹೋಗಿ ಒಂದು ಮಾತು ಗದರಿಸಿ ಬಂದೀನ್ರೀ, ಕಳ್ಳ ಹೆದರ್ಯಾನ" ಎಂದರಾಯಿತು. ಚಾವಿ ಉಳಿಯಿತು, ಹೆಸರು ಉಳಿಯಿತು, ಮೇಲೆ ಶೌರ್ಯವೂ ಬಂತು. ಎದ್ದು ಬಟ್ಟೆ ತೋಯಿಸಿ ಮೂರು ಬೊಟ್ಟು ಒರೆಸಿಯೂಬಿಟ್ಟ.

ನಾಲ್ಕನೆಯದಕ್ಕೆ ಕೈ ಹಾಕುವಾಗ ಕಿಟಕಿಯ ಮೇಲಿನ ಸ್ಟೀಲ್ ಗ್ಲಾಸು ಕಣ್ಣಿಗೆ ಬಿತ್ತು. ಬೋರಲಾಗಿ, ಧೂಳು ಹಿಡಿದು. ಕಳ್ಳ ಹೆದರಿದ ಎಂದರೆ ಓಣಿಯಲ್ಲಿ ಆ ಕಳ್ಳ ಯಾರಾಗುತ್ತಾನೆ ಎಂಬುದು ಮಗ್ಗದ ನಾಲ್ಕು ಮಂದಿಗೆ ಗೊತ್ತಿದೆ. ಬೆಕ್ಕು ಕಂಬಳಿಯ ಮೇಲಿಂದ ಅವನನ್ನೇ ನೋಡುತ್ತಿತ್ತು. ಭರಮಪ್ಪ ಬಟ್ಟೆಯನ್ನು ಬಕೆಟ್ಟಿಗೆ ಎಸೆದ.

ಸೋಮವಾರ ಬೆಳಿಗ್ಗೆ ಬಾಯಾರು ಕುರ್ಚಿಯಲ್ಲಿ ಕೂಡುವ ಮೊದಲೇ ಉಡದಾರದಿಂದ ಚಾವಿ ಬಿಚ್ಚಿ ಮೇಜಿನ ಮೇಲಿಟ್ಟ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸೊಂಟ ಹಗುರಾಗಿ, ಅವನಿಗೆ ನಿಲ್ಲಲೇ ಬರಲಿಲ್ಲ.

"ಏನಿದು?"

"ಕಳ್ಳ ಸಿಕ್ಕಾನ್ರೀ ಬಾಯಾರ. ನಾನಽ."

ಬಾಯಾರು ಚಾವಿಯನ್ನು ನೋಡಿದರು, ಅವನನ್ನು ನೋಡಿದರು. "ಖರೇ ಹೇಳ್ರಿ ಭರಮಪ್ಪನವರ, ಯಾರನ್ನ ಉಳಸಾಕ ಹತ್ತೀರಿ? ಈರಣ್ಣನವರನ್ನೋ, ಕೆಳಗಿನ ಜಿನಪ್ಪ ಕಾಕಾರನ್ನೋ?"

ಎರಡು ವಾರ ಎಲ್ಲರ ಮೇಲೆ ಗುಮಾನಿ ಹಾಕಿದವನು ಈಗ ತಾನೇ ಎಂದರೆ ನಂಬುವವರಿಲ್ಲ! ಭರಮಪ್ಪ ಬಾಯಾರನ್ನು ಜೆರಾಕ್ಸ್ ಮಶೀನಿನ ಹತ್ತಿರ ಕರೆದೊಯ್ದು ಹಸಿರು ಕಣ್ಣು ತೋರಿಸಿದ. ದಸರೆಯಿಂದ ಬೆಕ್ಕಿನತನಕ ಎಲ್ಲ ಹೇಳಿದ. ಈರಣ್ಣನೂ ಕಾಂತಾಳೂ ಬಂದು ನಿಂತರು. ಬಾಯಾರು ಮುಖ ಬಿಗಿದುಕೊಂಡರು.

"ಬಿಸಿ ಮಶೀನಿಗೆ ಕಂಬಳಿ ಹೊಚ್ಚೀರಿ. ಕೆಳಗ ನೂಲಿನ ಗೋದಾಮೈತಿ. ಬೆಂಕಿ ಹತ್ತಿದ್ರ?"

ಆ ವಿಚಾರ ಭರಮಪ್ಪನಿಗೆ ಹೊಳೆದೇ ಇರಲಿಲ್ಲ. ಕಂಬಳಿಯನ್ನು ಎತ್ತಿ ಮಡಚಿ ಕಂಕುಳಿಗೆ ಸೇರಿಸಿದ.

"ಇವು ಮಲಗಿದಂಗ ಕಾಣತಾವ, ಖರೇ ಮಲಗಿರೂದಿಲ್ಲ," ಎಂದರು ಬಾಯಾರು ಎಲ್ಲರ ಕಡೆ ತಿರುಗಿ. "ಯಾರರೆ ಕರೀತಾರೇನು ಅಂತ ಕಿವಿ ಕೊಟ್ಟುಕೊಂಡು, ರಾತ್ರೆಲ್ಲಾ ಕರೆಂಟ್ ತಿಂತಿರತಾವ. ಕಾಂತಾ, ಪರದೆ ಅಷ್ಟ ಆರಿಸಿದ್ರ ಮುಗೀಲಿಲ್ಲ. ನಾ ನೋಡ್ರಿ, ದಿನಾ..."

ಎನ್ನುತ್ತ ತಮ್ಮ ಮೇಜಿಗೆ ಹೋದವರು ನಡುವೆಯೇ ನಿಂತರು. ತಮ್ಮ ಡಬ್ಬಿಯ ಹಣೆಯ ಮೇಲೂ ದುಂಡನೆಯ ಹಳದಿ ಬೊಟ್ಟು. ಬಾಗಿ, ಉಗುರಿನಿಂದ ತಾವೇ ಕೆರೆದರು. ನಿನ್ನೆ ಐತವಾರ, ಇಂದು ಇನ್ನೂ ಗುಂಡಿ ಒತ್ತಿಲ್ಲ. ಕಣ್ಣು ಪಿಳಿಪಿಳಿ ಎಂದಿತು.

ಈರಣ್ಣ ಚಾವಣಿ ನೋಡುತ್ತ ಕೆಮ್ಮಿದ. ಸ್ಕೂಟರು ದೂಕಿದವನಿಗೆ ಕೆಮ್ಮುವ ಹಕ್ಕಾದರೂ ಇರಬೇಕಲ್ಲ.

ಬಾಯಾರು ಕುರ್ಚಿಯಲ್ಲಿ ಕೂತು ಚಾವಿಯನ್ನು ಬೆರಳಿನಿಂದ ಅತ್ತ ಇತ್ತ ಸರಿಸಿದರು. "ಏಜೆನ್ಸಿಯವರು ಬಂದ್ರೂ ನಿಂತಲ್ಲಿಂದ ನೋಡ್ತಾರ, ಹೋಗ್ತಾರ. ಮುಟ್ಟಿ ನೋಡೂದಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಚಾವಿಯನ್ನು ಅವನ ಕಡೆ ದೂಡಿದರು. "ಒಂದು ದಿನದ ಮಟ್ಟಿಗೆ. ನಾಳೆ ಮುಂಜಾನೆ ಮೀಟರ್ ಏನ್ ಹೇಳತೈತಿ ನೋಡೂಣು."

ಆ ಸಂಜೆಯ ಕದನವನ್ನು ನೋಡಿದವರಿಲ್ಲ, ಮೊಣಕಾಲಿನ ಕಟಕಟ ಕೇಳಿದವರುಂಟು. ಭರಮಪ್ಪ ಒಂದೊಂದೇ ಗೋಡೆಯ ಬಟನ್ ಒತ್ತಿದ. ಒತ್ತಿದ ಮೇಲೆ ಹೋಗಲಿಲ್ಲ; ಪ್ರತಿ ಮಶೀನಿನ ಬೆನ್ನ ಮೇಲೆ ಅಂಗೈ ಇಟ್ಟು, ಅದು ತಣ್ಣಗಾಗುವತನಕ ಕಾದ. ಜೆರಾಕ್ಸ್ ಮಶೀನು ಮುಕ್ಕಾಲು ತಾಸು ತೆಗೆದುಕೊಂಡಿತು. ಖಾನಾಪುರದ ಎರಡು ಬಸ್ಸು ತಪ್ಪಿದವು.

ಮಂಗಳವಾರ ಬೆಳಿಗ್ಗೆ ಎಲ್ಲರೂ ಮೀಟರಿನ ಮುಂದೆ ನಿಂತರು. ಒಂದು ಯೂನಿಟ್. ಅದು ಗೋದಾಮಿನ ಅಲಾರಮ್ಮಿನದು. ಬಾಯಾರು ಚಾವಿಯ ಮಾತೇ ಎತ್ತಲಿಲ್ಲ. ಈರಣ್ಣನಿಗೆ ಬ್ಯಾಟರಿ ಮೇಲೆ ತರಲು ಹೇಳಿ ಒಳಗೆ ಹೋದರು.

ಭರಮಪ್ಪ ಗ್ಲಾಸು ತೊಳೆದುಕೊಂಡು ಕೆಳಗಿಳಿದ. ಮಗ್ಗದವರ ಎದುರಿಗೇ ತಪ್ಪೊಪ್ಪಿಕೊಂಡ. ಜಿನಪ್ಪನವರು ಅಷ್ಟು ಸುಲಭಕ್ಕೆ ಕರಗುವವರಲ್ಲ. "ಕಳ್ಳನ ಮನೀ ಚಾ ಕುಡೀತೀಯೇನು?" ಎಂದು ಮೂರು ಸಲ ಕೇಳಿದರು. ಮೂರು ಸಲವೂ "ಕುಡೀತೀನ್ರೀ" ಎಂದ ಮೇಲೆ ಗ್ಲಾಸು ತುಂಬಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಬೆಕ್ಕಿಗೆ ಮಾತ್ರ ಚಳಿ ಮುಗಿದಿರಲಿಲ್ಲ. ತಣ್ಣಗಾದ ಮಶೀನಿನ ಮೇಲೆ ಎರಡು ದಿನ ಕೂತು, ಭರಮಪ್ಪನನ್ನು ದುರುಗುಟ್ಟಿ ನೋಡಿ, ಅದು ಬಿಡಾರ ಕಿತ್ತಿತು. ಶುಕ್ರವಾರ ಸಂಜೆ ಐದಕ್ಕೆ ಜಿನಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತು ಪಿಸುದನಿಯಲ್ಲಿ ಕರೆದರು.

"ಭರಮಪ್ಪಾ, ಒಂದೀಟು ಬಾ. ಯಾರಿಗೂ ಹೇಳಬ್ಯಾಡ. ಆ ಬೆಕ್ಕು ಈಗ ನನ್ನ ಆಫೀಸಿನ್ಯಾಗ ಮಲಗತೈತಿ. ಮೆತ್ತನ್ನ ನೂಲಿನ ಚೀಲ ಬಿಟ್ಟು, ಸೊಸಿ ಸೀರಿ ಡಿಸೈನ್ ಮಾಡೂ ಕಂಪ್ಯೂಟರಿನ ಮ್ಯಾಲೇನಽ ಯಾಕ ಮಲಗತೈತಿ?"

ಭರಮಪ್ಪ ಒಳಗೆ ಹೋದ. ವೈದ್ಯನ ಗಾಂಭೀರ್ಯದಿಂದ ಡಬ್ಬಿಯ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. "ಜ್ವರಾ ಐತ್ರೀ ಸಾವ್ಕಾರ್ರ. ದೀಪಾವಳಿಯಿಂದ ಬಂದ್ ಮಾಡಿಲ್ಲ ಅನಸತೈತಿ."

ಜಿನಪ್ಪನವರು ಓಣಿಯ ಎರಡೂ ಕಡೆ ನೋಡಿ, ಗಲ್ಲಾಪೆಟ್ಟಿಗೆಯಿಂದ ಹಿತ್ತಾಳೆಯ ಚಾವಿಯೊಂದನ್ನು ತೆಗೆದು ಅವನ ಕೈಯಲ್ಲಿಟ್ಟರು. "ನಾ ಹೊತ್ತು ಮುಳುಗೂದ್ರಾಗ ಉಣ್ಣಾಕ ಹೋಗ್ತೀನಿ. ನೀ ಇಳಿದು ಹೋಗುಮುಂದ ಇಲ್ಲೂ ಒಂದೀಟು ಕೈ ಆಡಿಸಿ ಕೀಲಿ ಹಾಕ್ಕೊಂಡು ಹೋಗು."

ಆ ದಿನ ಖಾನಾಪುರದ ಓಣಿಯಲ್ಲಿ ಭರಮಪ್ಪ ನಡೆದುಬಂದ ಸದ್ದೇ ಬೇರೆ. ಹಿಂದೆ ಒಂದೇ ಚಾವಿ ಸುಮ್ಮನೆ ಜೋತಾಡುತ್ತಿತ್ತು. ಈಗ ಎರಡು ಸೇರಿ ಹೆಜ್ಜೆಹೆಜ್ಜೆಗೆ ಕಿಣಿಕಿಣಿ ಎನ್ನುತ್ತಿದ್ದವು. ಹಂಚಿನ ಭರಮಪ್ಪ ಕಟ್ಟೆಯಿಂದ ಎದ್ದು ನೋಡಿದ. ಮನೆಯೊಳಗೆ ಬಂದು ಅಂಗಿ ಬಿಚ್ಚುವಾಗ, ಅವನು ಎಂದೂ ಮಾಡದ ಹಾಗೆ ಪಡಸಾಲೆಯ ಬಲ್ಬನ್ನು ತಾನೇ ಆರಿಸಿ, ಅದು ತಣ್ಣಗಾಯಿತೋ ಇಲ್ಲವೋ ಎಂದು ಮುಟ್ಟಿಯೂ ನೋಡಿದ.

ಪದ್ಮವ್ವ ಒಲೆಯ ಮುಂದಿನಿಂದ ಎದ್ದಳು. ಬಲ್ಬನ್ನು ನೋಡಿದಳು, ಗಂಡನನ್ನು ನೋಡಿದಳು, ಅವನ ಉಡದಾರವನ್ನು ನೋಡಿದಳು. ಅವಳ ಕಣ್ಣು ಸಣ್ಣಗಾದವು.

"ಇದ್ದದ್ದು ಒಂದು ಆಫೀಸಿಂದು," ಎಂದಳು. "ಈ ಎರಡನೇದು ಯಾರ ಮನೀದು?"